ಅಗ್ಗದ ಬೇಸ್ ಗಿಟಾರಿಗೆ ದುಡ್ಡು ಹಾಕುವುದಾದರೆ ಎಲ್ಲಿ? ತಂತಿಗಾ, ಪಿಕಪ್‌ಗಾ, ಆಂಪ್‌ಗಾ (ಆಂಪ್ಲಿಫೈಯರ್), ಇಲ್ಲಾ ಹೊಸ ಬೇಸ್‌ಗಾ?

ಶಿರಸಿಯಲ್ಲಿರುವ ಅಕ್ಕನ ಮಗ ಕಳೆದ ವರ್ಷ 14,000 ರೂಪಾಯಿಯ ಬೇಸ್ ಗಿಟಾರ್ ಕೊಂಡ. ಮೊನ್ನೆ ಫೋನ್ ಮಾಡಿ, ‘ಮಾವ, 8,000 ಕೂಡಿಟ್ಟಿದ್ದೇನೆ, ಪಿಕಪ್ ಬದಲಾಯಿಸ್ಬೇಕು, ಯಾವುದು ತಗೊಳ್ಲಿ?’ ಅಂತ ಕೇಳಿದ. ಪಿಕಪ್ ಅಂದರೆ ತಂತಿಯ ಅಡಿಯಲ್ಲಿ ಕೂತು ಅದರ ಅಲುಗಾಟವನ್ನು ಕರೆಂಟ್ ಸಿಗ್ನಲ್ ಮಾಡುವ ಅಯಸ್ಕಾಂತದ ಸಾಮಾನು. ತಂತಿ ಯಾವಾಗ ಬದಲಾಯಿಸಿದ್ದು ಮಾರಾಯ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಅದನ್ನೂ ಬದಲಾಯಿಸ್ಬೇಕಾ?’ ಅಂದ.

ಬೈಯಲು ಹೋಗಲಿಲ್ಲ. ನಾನೂ ಶುರುವಿನಲ್ಲಿ ಇದೇ ದಾರಿ ಹಿಡಿದವನು. ನಾನು ಕೊಂಡದ್ದು ಪಿಕಪ್ ಅಲ್ಲ, ಬ್ರಿಡ್ಜ್, ತಂತಿಯ ಕೆಳತುದಿ ಕೂರುವ ಲೋಹದ ಸಾಮಾನು. ಹೊಳೆಯುವ, ಕೈಗೆ ಭಾರ ಅನಿಸುವ ಹಿತ್ತಾಳೆ ಬ್ರಿಡ್ಜ್. ಕೊರಿಯರ್ ಕಾರವಾರಕ್ಕೆ ಬರುವ ತನಕ ನಿದ್ದೆ ಇಲ್ಲ. ಬಂದ ಮೇಲೆ ನೋಡಿದರೆ ಹಳೆಯ ಸ್ಕ್ರೂ ತೂತಿಗೂ ಹೊಸದಕ್ಕೂ ತಾಳೆಯೇ ಇಲ್ಲ. ಬಡಗಿಯನ್ನು ಹಿಡಿದು ಹೊಸ ತೂತು ಕೊರೆಸಿ, ಹಳೆಯ ತೂತಿಗೆ ಬೆಂಕಿಕಡ್ಡಿ ತುರುಕಿ ಅಂಟು ಹಾಕಿಸಿ, ಅಂತೂ ಇಂತೂ ಕೂರಿಸಿದೆ. ಶಬ್ದ ಮೊದಲಿನ ಹಾಗೇ ಇತ್ತು. ತಂತಿ ಹಳೆಯದೇ ಇತ್ತಲ್ಲ.

ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. 10ರಿಂದ 20 ಸಾವಿರದೊಳಗಿನ ಬೇಸ್ ಇಟ್ಟುಕೊಂಡು ಕಲಿಯುತ್ತಿರುವವರಿಗೆ ಇದು, ಅದರಲ್ಲೂ ಉಪ್ಪುಗಾಳಿ ಮತ್ತು ಮಳೆಗಾಲದ ಬೂಷ್ಟು ಎರಡನ್ನೂ ಕಂಡಿರುವ ನಮ್ಮ ಕಡೆಯವರಿಗೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಗ್ಗದ ಬೇಸ್‌ನಲ್ಲಿ ಕೆಟ್ಟಿರುವುದು ಹೆಚ್ಚಾಗಿ ಸಾಮಾನಲ್ಲ, ಅದನ್ನು ಕೂರಿಸಿದ ರೀತಿ. ಈಗ ಮರ ಕತ್ತರಿಸುವುದು ಯಂತ್ರ, ಅದು ಅಗ್ಗದ್ದಕ್ಕೂ ಚೆನ್ನಾಗಿಯೇ ಕತ್ತರಿಸುತ್ತದೆ. ಕಂಪನಿಯವರು ದುಡ್ಡು ಉಳಿಸುವುದು ಕೊನೆಯ ಒಂದು ಗಂಟೆಯ ಕೈಕೆಲಸದಲ್ಲಿ. ಆ ಒಂದು ಗಂಟೆಯನ್ನು ನೀವೇ ಹಾಕಿದರೆ ಅರ್ಧ ಅಪ್‌ಗ್ರೇಡ್ ಮುಗಿಯಿತು.

ಸೆಟಪ್: ಖರ್ಚು ಕಡಿಮೆ, ಫಲ ಜಾಸ್ತಿ

ತಂತಿ ಒತ್ತಿದರೆ ಬೆರಳು ನೋಯುತ್ತದೆ, ಎರಡು ಮೂರನೇ ಫ್ರೆಟ್‌ನಲ್ಲಿ (ಬೆರಳಿಡುವ ಕಡೆಯ ಅಡ್ಡ ಲೋಹದ ಪಟ್ಟಿ) ಝರ್ರ್ ಅನ್ನುತ್ತದೆ, ಮೇಲಿನ ಫ್ರೆಟ್‌ಗೆ ಹೋದರೆ ಶ್ರುತಿ ತಪ್ಪುತ್ತದೆ. ಈ ಮೂರು ದೂರಿಗೆ ಹೊಸ ಸಾಮಾನು ಬೇಡ, ಸೆಟಪ್, ಅಂದರೆ ಇರುವುದನ್ನೇ ಸರಿಯಾಗಿ ಹೊಂದಿಸುವುದು, ಸಾಕು.

ನಾಲ್ಕು ತಂತಿ ಸೇರಿ ನೆಕ್ಕನ್ನು, ಅಂದರೆ ಬೇಸ್‌ನ ಉದ್ದನೆಯ ಕುತ್ತಿಗೆಯನ್ನು, ಎಳೆಯುವ ಬಲ ಸುಮಾರು 75 ಕಿಲೋ. ಒಂದೂವರೆ ಮೂಟೆ ಅಕ್ಕಿ ಹಗಲು ರಾತ್ರಿ ನೇತಾಡಿದ ಹಾಗೆ. ಅದಕ್ಕೆ ಎದುರು ನಿಲ್ಲಲು ನೆಕ್ ಒಳಗೆ ಟ್ರಸ್ ರಾಡ್ ಅನ್ನುವ ಸರಳು ಇರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮರ ತೇವ ಹೀರುತ್ತದೆ, ನೆಕ್ ಬಾಗು ಬದಲಾಗುತ್ತದೆ. ಮನೆಯ ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ವಾ, ಅದೇ ಕತೆ. ಆದ್ದರಿಂದ ನಮ್ಮ ಕಡೆ ಸೆಟಪ್ ಒಂದೇ ಸಲ ಮಾಡಿ ಬಿಡುವಂಥದ್ದಲ್ಲ. ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ ನೋಡಬೇಕು.

ನೋಡುವುದು ಹೀಗೆ. ಶ್ರುತಿ ಸರಿ ಮಾಡಿಕೊಳ್ಳಿ. ದಪ್ಪನೆಯ ‘ಇ’ ತಂತಿಯನ್ನು ಒಂದು ಕೈಯಲ್ಲಿ ಮೊದಲ ಫ್ರೆಟ್‌ನಲ್ಲಿ, ಇನ್ನೊಂದು ಕೈಯಲ್ಲಿ ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲಿ ಒತ್ತಿ. ಮಧ್ಯೆ, ಏಳು ಎಂಟನೇ ಫ್ರೆಟ್ ಹತ್ತಿರ, ತಂತಿಗೂ ಫ್ರೆಟ್‌ಗೂ ನಡುವೆ 0.3 ಮಿಲಿಮೀಟರ್ ಆಸುಪಾಸು ಸಂದು ಕಾಣಬೇಕು. ಇದನ್ನು ಅಳೆಯಲು ಗಿಟಾರಿನ ವಿಶೇಷ ಉಪಕರಣ ಏನೂ ಬೇಡ, ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಅಡ್ಜಸ್ಟ್ ಮಾಡಲು ಇಟ್ಟುಕೊಂಡಿರುವ ಫಿಲ್ಲರ್ ಗೇಜ್ ಸಾಕು, ಅದರಲ್ಲಿ 0.30 ಅಂತ ಬರೆದಿರುವ ತಗಡಿನ ಎಲೆ ತುರುಕಿ ನೋಡಿ. ನಾನು ಮೊದಲ ಸಲ ಮನೆ ಹತ್ತಿರದ ಗ್ಯಾರೇಜಿನವನ ಹತ್ತಿರವೇ ಇಸಕೊಂಡು ಬಂದಿದ್ದೆ. ಗಿಟಾರಿಗೆ ಟ್ಯಾಪೆಟ್ ಎಲ್ಲಿದೆ ಅಂತ ಅವನು ಇವತ್ತಿಗೂ ಕೇಳುತ್ತಾನೆ.

ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್‌ನ ತುದಿಗೆ ಹಾಕಿದ ಅಲನ್ ಕೀಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ, ಸಂದೇ ಇಲ್ಲದಿದ್ದರೆ ಉಲ್ಟಾ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ಮರುದಿನ ನೋಡಿ. ಬಿಗಿಯಾಗಿ ಕೂತಿದ್ದರೆ ಬಲ ಪ್ರಯೋಗ ಮಾಡಬೇಡಿ, ಅದು ಮುರಿದರೆ ಬೇಸ್ ಹೋದ ಹಾಗೆಯೇ. ಅಲ್ಲಿಗೆ ನಿಲ್ಲಿಸಿ ಗೊತ್ತಿದ್ದವರ ಹತ್ತಿರ ಒಯ್ಯಿರಿ.

ಆಮೇಲೆ ತಂತಿಯ ಎತ್ತರ. ಸ್ಟೀಲ್ ಅಡಿಕೋಲನ್ನು ಹನ್ನೆರಡನೇ ಫ್ರೆಟ್ ಮೇಲೆ ನಿಲ್ಲಿಸಿ. ‘ಇ’ ತಂತಿಗೆ ಎರಡೂವರೆ ಮಿಲಿಮೀಟರ್, ಸಣ್ಣ ‘ಜಿ’ ತಂತಿಗೆ ಎರಡು, ಇದು ಒಳ್ಳೆಯ ಶುರು. ಪೆಟ್ಟಿಗೆಯಿಂದ ತೆಗೆದ ಅಗ್ಗದ ಬೇಸ್‌ನಲ್ಲಿ ಮೂರೂವರೆ, ನಾಲ್ಕು ಕೂಡ ಕಂಡಿದ್ದೇನೆ. ಬ್ರಿಡ್ಜ್ ಮೇಲೆ ಪ್ರತಿ ತಂತಿ ಕೂರುವ ತುಂಡಿನ, ಅಂದರೆ ಸ್ಯಾಡಲ್‌ನ, ಪುಟ್ಟ ಸ್ಕ್ರೂ ತಿರುಗಿಸಿ ಇಳಿಸಬಹುದು. ಕಾರವಾರ, ಅಂಕೋಲಾ, ಕುಮಟಾ ಕಡೆ ಸಮುದ್ರಕ್ಕೆ ಹತ್ತಿರ ಇರುವವರು ಮೊದಲು ಆ ಸ್ಕ್ರೂಗೆ ಹೊಲಿಗೆ ಮಿಷನ್ ಎಣ್ಣೆ ಒಂದೊಂದು ಹನಿ ಬಿಟ್ಟು ಅರ್ಧ ಗಂಟೆ ಕಾಯಿರಿ. ತುಕ್ಕು ಹಿಡಿದ ಸ್ಕ್ರೂವಿನ ತಲೆ ಸವೆದರೆ ಆಮೇಲೆ ತೆಗೆಯುವುದು ದೊಡ್ಡ ರಗಳೆ.

ಕೊನೆಗೆ ಇಂಟೊನೇಶನ್, ಅಂದರೆ ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿ ಬರುವ ಹಾಗೆ ಮಾಡುವುದು. ಮೊಬೈಲ್‌ನ ಟ್ಯೂನರ್ ಆ್ಯಪ್ ಇಟ್ಟುಕೊಂಡು ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ಮುಟ್ಟಿ ಹಾರ್ಮೋನಿಕ್ ಬಾರಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ಬಾರಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಇದನ್ನು ಮಾತ್ರ ಹೊಸ ತಂತಿ ಹಾಕಿದ ಮೇಲೆ ಮಾಡಿ. ಸವೆದ ತಂತಿಯಲ್ಲಿ ಎಷ್ಟು ತಿರುಪಿದರೂ ಸರಿ ಕೂರುವುದಿಲ್ಲ.

ಇಷ್ಟೆಲ್ಲ ಕೈಯಲ್ಲಿ ಆಗುವುದಿಲ್ಲ ಅನ್ನುವವರು ಹುಬ್ಬಳ್ಳಿಗೋ ಮಡಗಾಂವಿಗೋ ಒಯ್ದು ಮಾಡಿಸಬಹುದು. ಕಾರವಾರದವರಿಗೆ ಮಡಗಾಂವ್ ಸಲೀಸು, ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್. ಶಿರಸಿಯವರಿಗೆ ಹುಬ್ಬಳ್ಳಿಯೇ ವಾಸಿ. ಬಿಡುವಾಗ ಬೇಸ್‌ನಲ್ಲಿ ನೀವು ಬಾರಿಸುವ ತಂತಿಯೇ ಇರಲಿ, ಬೇರೆ ದಪ್ಪದ ತಂತಿ ಹಾಕಿದರೆ ಸೆಟಪ್ ಮತ್ತೆ ತಪ್ಪುತ್ತದೆ.

ತಂತಿ

ಸೆಟಪ್ ನಂತರ ಕಣ್ಣು ಮುಚ್ಚಿ ದುಡ್ಡು ಹಾಕಬಹುದಾದ್ದು ಇದಕ್ಕೆ. ನಾನು ಕೊನೆಯ ಸಲ ಕೊಂಡ ನಿಕ್ಕಲ್ ರೌಂಡ್‌ವೌಂಡ್ (ಮೇಲೆ ದುಂಡು ಸರಿಗೆ ಸುತ್ತಿದ ತಂತಿ) ಸೆಟ್‌ಗೆ 2,000ದ ಆಸುಪಾಸು ಕೊಟ್ಟೆ. ಶುರುವಿನವರಿಗೆ ಇದೇ ಸಾಕು. ಪ್ಯಾಕೆಟ್ ಮೇಲೆ 45-100 ಅಂತಲೋ 45-105 ಅಂತಲೋ ಇರುತ್ತದೆ, ಅದು ಇಂಚಿನ ಸಾವಿರದಲ್ಲಿ ತಂತಿಯ ದಪ್ಪ. ಬೆರಳು ಇನ್ನೂ ಗಟ್ಟಿಯಾಗದವರಿಗೆ 40-100 ಹಗುರ. ಬೇಸ್‌ನಲ್ಲಿ ತಂತಿ ಕಂಪಿಸುವ ಉದ್ದ (ಸ್ಕೇಲ್) 34 ಇಂಚಾ, ಅದಕ್ಕಿಂತ ಗಿಡ್ಡವಾ ನೋಡಿ ತಗೊಳ್ಳಿ.

ಸ್ಟೇನ್‌ಲೆಸ್ ಸ್ಟೀಲ್ ತಂತಿ ಇನ್ನೂ ಹೊಳಪಾಗಿ ಕೇಳುತ್ತದೆ, ತುಕ್ಕಿಗೂ ಸ್ವಲ್ಪ ತಡೆಯುತ್ತದೆ, ಆದರೆ ಒರಟು, ಫ್ರೆಟ್‌ಗಳನ್ನು ಬೇಗ ಸವೆಸುತ್ತದೆ. ಅಗ್ಗದ ಬೇಸ್‌ನ ಮೆದು ಫ್ರೆಟ್‌ಗೆ ನಾನಂತೂ ಹಾಕುವುದಿಲ್ಲ. ಕೋಟಿಂಗ್ ಇರುವ ತಂತಿ ಮಾಮೂಲಿ ನಿಕ್ಕಲ್‌ಗಿಂತ ತುಂಬ ದುಬಾರಿ. ಶಿರಸಿ, ಯಲ್ಲಾಪುರ ಕಡೆಯವರಿಗೆ ಅಷ್ಟು ಕೊಡುವ ಅಗತ್ಯ ಕಾಣುವುದಿಲ್ಲ. ಕಡಲಿನ ಪಕ್ಕ ಮನೆ ಇದ್ದು ಕೈ ಬೇರೆ ಬೆವರುವವರಿಗೆ ಲೆಕ್ಕ ಬೇರೆ. ನನ್ನ ಮನೆಯಿಂದ ಬೀಚಿಗೆ ಹತ್ತು ನಿಮಿಷದ ನಡಿಗೆ. ಮೇ ತಿಂಗಳಲ್ಲಿ ಬೇಸನ್ನು ಕಿಟಕಿ ಪಕ್ಕ ಸ್ಟ್ಯಾಂಡ್ ಮೇಲೆ ಬಿಟ್ಟರೆ ‘ಜಿ’ ತಂತಿಯ ಮೇಲೆ ಮೂರೇ ವಾರಕ್ಕೆ ಕಂದು ಚುಕ್ಕಿ ಏಳುತ್ತದೆ, ಬೆರಳು ಜಾರಿಸಿದರೆ ಮರಳುಕಾಗದದ ಹಾಗೆ ತರತರ ಅನ್ನುತ್ತದೆ. ಅದೇ ಬೇಸನ್ನು ಬಾರಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿಯ ಅಡಿಯೂ ಸೇರಿ ಒರೆಸಿ, ಚೀಲಕ್ಕೆ ಹಾಕಿ, ಒಳಗೆ ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕೈದು ಎಸೆದರೆ ಅದೇ ಸೆಟ್ ಐದಾರು ತಿಂಗಳು ಎಳೆಯುತ್ತದೆ. ಅಂದರೆ ಕೋಟಿಂಗಿಗೆ ಕೊಡುವ ದುಡ್ಡಿನ ಅರ್ಧ ಕೆಲಸ ಒಂದು ಹಳೆಯ ಬನಿಯನ್ ತುಂಡು ಮಾಡುತ್ತದೆ.

ಫ್ಲಾಟ್‌ವೌಂಡ್ ಅಂತ ಇನ್ನೊಂದು ಇದೆ. ಮೇಲ್ಮೈ ನಯ, ಬೆರಳು ಎಳೆದ ಸದ್ದು ಬರುವುದಿಲ್ಲ, ಧ್ವನಿ ದುಂಡಗೆ, ಹಳೆಯ ಕಾಲದ್ದು. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಬಾಳುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ಬಾರಿಸಿದ ಜೇಮ್ಸ್ ಜೇಮರ್ಸನ್ 1962ರ ಫೆಂಡರ್ ಪ್ರಿಸಿಷನ್ ಬೇಸ್‌ಗೆ ಇದನ್ನೇ ಹಾಕಿಕೊಂಡು, ಒಂದೇ ಬೆರಳಲ್ಲಿ ಬಾರಿಸುತ್ತಿದ್ದರು, ತಂತಿಯನ್ನು ಬದಲಾಯಿಸುತ್ತಿದ್ದದ್ದೇ ಅಪರೂಪ. ಭಾವಗೀತೆಗೋ ಚರ್ಚ್ ಕ್ವಾಯರ್‌ಗೋ ಬಾರಿಸುವವರಾದರೆ ಇದು ಸೊಗಸು. ರಾಕ್, ಸ್ಲ್ಯಾಪ್ (ಹೆಬ್ಬೆರಳಿಂದ ಹೊಡೆದು ಬಾರಿಸುವುದು) ಬೇಕು ಅನ್ನುವವರಿಗೆ ಸಪ್ಪೆ. ಇಲ್ಲೊಂದು ಬಿಟ್ಟಿ ಉಪಾಯ ಹೇಳುತ್ತೇನೆ: ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಬೆರಳಗಲ ಕತ್ತರಿಸಿ ಬ್ರಿಡ್ಜ್ ಪಕ್ಕ ತಂತಿಯ ಅಡಿಗೆ ತುರುಕಿ. ರೌಂಡ್‌ವೌಂಡ್ ತಂತಿಯೇ ಹೆಚ್ಚುಕಮ್ಮಿ ಆ ‘ದುಂ ದುಂ’ ಕೊಡುತ್ತದೆ. ಹಳೆಯ ಫೆಂಡರ್ ಬೇಸ್‌ಗಳಲ್ಲಿ ಬ್ರಿಡ್ಜ್ ಮುಚ್ಚಳದ ಒಳಗೆ ಕಂಪನಿಯೇ ಸ್ಪಂಜು ಅಂಟಿಸಿ ಕೊಡುತ್ತಿತ್ತು.

ಹಳೆಯ ತಂತಿಯನ್ನು ನೀರಲ್ಲಿ ಕುದಿಸಿದರೆ ಹೊಸದಾಗುತ್ತದೆ ಅಂತ ಹೇಳುವವರಿದ್ದಾರೆ. ಕೊಳೆ ಬಿಟ್ಟು ಸ್ವಲ್ಪ ದಿನ ಹೊಳಪು ಬರುವುದು ನಿಜ. ಸುತ್ತಿನ ಒಳಗೆ ನೀರು ಉಳಿದರೆ ನಮ್ಮ ಹವೆಯಲ್ಲಿ ಒಳಗಿಂದಲೇ ತುಕ್ಕು. ಒಮ್ಮೆ ಮಾಡಿದೆ, ಮತ್ತೆ ಮಾಡಲಿಲ್ಲ.

ತಂತಿ ಹಾಕುವಾಗ ಒಂದೇ ಎಚ್ಚರ. ಶ್ರುತಿ ಮಾಡುವ ಕೀ ದಾಟಿ ಹತ್ತು ಹನ್ನೆರಡು ಸೆಂಟಿಮೀಟರ್ ಬಿಟ್ಟು, ಮೊದಲು ಮಡಚಿ, ಆಮೇಲೆ ಕತ್ತರಿಸಿ. ಎರಡು ಮೂರು ಸುತ್ತು ಕೆಳಮುಖವಾಗಿ ಬರಬೇಕು. ಗಡಿಬಿಡಿಯಲ್ಲಿ ‘ಇ’ ತಂತಿಯನ್ನು ಗಿಡ್ಡ ಕತ್ತರಿಸಿ 2,000ದ ಸೆಟ್ ಹಾಳು ಮಾಡಿಕೊಂಡ ಪುಣ್ಯಾತ್ಮ ನಾನೇ.

ಆಂಪ್, ಹೆಡ್‌ಫೋನ್

ಬೇಸ್ ಸಪ್ಪೆ ಕೇಳುತ್ತದೆ ಅನ್ನುವವರನ್ನು ನಾನು ಮೊದಲು ಕೇಳುವುದು, ಯಾವುದರಲ್ಲಿ ಕೇಳುತ್ತಿದ್ದೀರಿ ಅಂತ. ‘ಇ’ ತಂತಿಯ ಮೂಲ ಸ್ವರ 41 ಹರ್ಟ್ಸ್. ಲ್ಯಾಪ್‌ಟಾಪ್, ಮೊಬೈಲ್ ಸ್ಪೀಕರ್‌ಗೆ ಅದು ಎಟುಕುವುದೇ ಇಲ್ಲ. ಎಂಟು ಇಂಚಿನ ಸ್ಪೀಕರ್ ಇರುವ ಸಣ್ಣ ಪ್ರಾಕ್ಟೀಸ್ ಆಂಪ್‌ಗೂ ಕಷ್ಟವೇ, ಅದರಲ್ಲಿ ನಮಗೆ ಕೇಳುವುದು ಹೆಚ್ಚಾಗಿ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಮೂಲ ಸ್ವರದ ಮೇಲೆ ಏಳುವ ಮರಿಸ್ವರಗಳು. ಅಕ್ಕನ ಮಗ ಗೆಳೆಯನ ಲೀಡ್ ಗಿಟಾರ್ ಆಂಪ್‌ಗೆ ಚುಚ್ಚಿ ಕೇಳುತ್ತಿದ್ದ. ಸದ್ದು ಕಡಿಮೆ ಇದ್ದರೆ ಅಡ್ಡಿ ಇಲ್ಲ, ಜಾಸ್ತಿ ಇಟ್ಟರೆ ಆ ಸ್ಪೀಕರ್ ಹರಿಯಬಹುದು.

ಮನೆಯಲ್ಲಿ ಕಲಿಯುವವರಿಗೆ ನನ್ನ ಮತ ಹೆಡ್‌ಫೋನ್‌ಗೆ. ಬೇಸ್‌ನ ಸಾಕೆಟ್‌ಗೇ ಚುಚ್ಚುವ, ಚಾರ್ಜ್ ಮಾಡುವ ಪುಟ್ಟ ಹೆಡ್‌ಫೋನ್ ಆಂಪ್ 2,000ದ ಸುತ್ತಮುತ್ತ ಸಿಗುತ್ತದೆ. ಕಿವಿ ಪೂರ್ತಿ ಮುಚ್ಚುವ, ವೈರ್ ಇರುವ ಸಾಧಾರಣ ಹೆಡ್‌ಫೋನ್ ಜೊತೆಗಿದ್ದರೆ 41 ಹರ್ಟ್ಸ್ ಕೂಡ ಕಿವಿಗೆ ಬೀಳುತ್ತದೆ. ಬ್ಲೂಟೂತ್ ಹೆಡ್‌ಫೋನ್ ಬೇಡ, ಬೆರಳಿಗೂ ಸದ್ದಿಗೂ ನಡುವೆ ತಡವಾಗಿ ತಾಳವೇ ತಪ್ಪುತ್ತದೆ. ಇನ್ನೊಂದು ಲಾಭ ಇದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಬರುವುದು ದೇವರ ಇಚ್ಛೆ, ಆಗಲೂ ಇದು ನಡೆಯುತ್ತದೆ.

ಲ್ಯಾಪ್‌ಟಾಪ್ ಇರುವವರಿಗೆ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಸ್ವಲ್ಪ ದುಬಾರಿಯಾದರೂ ರೆಕಾರ್ಡಿಂಗ್‌ಗೂ ಆಗುತ್ತದೆ. ದೊಡ್ಡ ಬೇಸ್ ಆಂಪ್ ಈಗಲೇ ಬೇಡ. ಚೌತಿ ಆರ್ಕೆಸ್ಟ್ರಾದಲ್ಲಿ ಬಾರಿಸುವ ದಿನ ಬಂದರೂ ಸೌಂಡಿನವರು ಡಿಐ ಬಾಕ್ಸ್ (ಬೇಸ್‌ನ ಸಿಗ್ನಲ್ಲನ್ನು ನೇರ ಮಿಕ್ಸರ್‌ಗೆ ಒಯ್ಯುವ ಡಬ್ಬಿ) ಮೂಲಕ ತಮ್ಮ ಸ್ಪೀಕರಿಗೇ ಕೊಡುತ್ತಾರೆ.

ಪಿಕಪ್

ಪಿಕಪ್ ಬದಲಾಯಿಸಿದರೆ ಧ್ವನಿ ಬದಲಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಹೆಸರುವಾಸಿ ಅಮೆರಿಕನ್ ಪಿಕಪ್ ಬೆಲೆ ಈ ದರ್ಜೆಯ ಬೇಸ್‌ನ ಅರ್ಧವನ್ನೇ ನುಂಗಬಹುದು. ಅದಕ್ಕೆ ಮೊದಲು ಸ್ಕ್ರೂಡ್ರೈವರ್ ತೆಗೆದು ಈಗಿರುವ ಪಿಕಪ್‌ನ ಎತ್ತರ ಸರಿಮಾಡಿ. ತಂತಿಗೆ ಹತ್ತಿರ ತಂದರೆ ಸದ್ದು ದಪ್ಪ, ತೀರಾ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ಅಲುಗುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ ಮೂರು ಮಿಲಿಮೀಟರ್ ಅಂತರದಿಂದ ಶುರು ಮಾಡಿ, ಕಿವಿ ಕೊಟ್ಟು ಏರಿಸಿ ಇಳಿಸಿ.

ಗುಂಯ್ ಅನ್ನುವ ಸದ್ದಿಗೆ ಪಿಕಪ್ಪನ್ನೇ ದೂರುವವರು ಜಾಸ್ತಿ. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಅರ್ತ್ ವೈರ್ ಸರಿ ಇದೆ, ಒಳಗೆ ಶೀಲ್ಡಿಂಗ್ (ಹೊರಗಿನ ಕರೆಂಟ್ ಗದ್ದಲ ತಡೆಯುವ ಲೋಹದ ಹೊದಿಕೆ) ಇಲ್ಲ ಅಷ್ಟೆ. ತಾಮ್ರದ ಅಂಟುಪಟ್ಟಿ ತಂದು ಒಳಗಿನ ಗುಂಡಿಗೆ ಹಚ್ಚಿ ಅರ್ತ್‌ಗೆ ಸೇರಿಸಿದರೆ ಕೆಲವೇ ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಹಳೆಯ ಮನೆಗಳಲ್ಲಿ ಗೋಡೆಯ ಮೂರನೇ ತೂತಿಗೆ ಅರ್ತ್ ಸಂಪರ್ಕವೇ ಇರುವುದಿಲ್ಲ. ಅದನ್ನು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಜೀವದ ವಿಷಯ. ಬೆಸುಗೆ ಬಾರದಿದ್ದರೆ ಟಿವಿ ರಿಪೇರಿಯವರು ಐದು ನಿಮಿಷದಲ್ಲಿ ಹಾಕಿಕೊಡುತ್ತಾರೆ, ಯಾವ ವೈರ್ ಎಲ್ಲಿತ್ತು ಅಂತ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ.

ಇಷ್ಟರ ಮೇಲೂ ಪಿಕಪ್ ಬೇಕೇ ಅಂದರೆ ಅಳತೆ ನೋಡಿ. ಪ್ರಿಸಿಷನ್ ಬೇಸ್‌ಗೆ 1957ರಲ್ಲಿ ಬಂದ ಎರಡು ತುಂಡಿನ ಪಿಕಪ್‌ನ ಆಕಾರ ಇವತ್ತಿಗೂ ಹೆಚ್ಚುಕಮ್ಮಿ ಅದೇ, ಹಾಗಾಗಿ ಸುಲಭ. ಫೆಂಡರ್‌ನದೇ ಇನ್ನೊಂದು ಮಾದರಿಯಾದ ಜಾಜ್ ಬೇಸ್‌ನ ಎರಡು ಪಿಕಪ್‌ಗಳಲ್ಲಿ ನೆಕ್ ಕಡೆಯದು ಬ್ರಿಡ್ಜ್ ಕಡೆಯದಕ್ಕಿಂತ ತುಸು ಗಿಡ್ಡ, ಅಗ್ಗದವುಗಳಲ್ಲಿ ಎಷ್ಟೋ ಸಲ ಎರಡೂ ಒಂದೇ ಉದ್ದ. ಸೋಪಿನ ಬಿಲ್ಲೆಯಂಥ ಪಿಕಪ್‌ಗಂತೂ ಕಂಪನಿಗೊಂದು ಅಳತೆ.

ಉಳಿದ ಸಾಮಾನು

ಟ್ಯೂನರ್ ಕೀ ಜಾರುತ್ತದೆ ಅಂತ ಬದಲಾಯಿಸುವ ಮೊದಲು ತಂತಿ ಸುತ್ತಿದ್ದು ಸರಿಯಾ, ಕೀಯ ಸ್ಕ್ರೂ ಬಿಗಿ ಇದೆಯಾ ನೋಡಿ. ನಟ್‌ನ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಗೀರು ತುಂಬಾ ಎತ್ತರ ಇದ್ದರೆ ಮೊದಲ ಫ್ರೆಟ್ ಒತ್ತಲು ಕಷ್ಟ, ಸ್ವರವೂ ಏರುತ್ತದೆ. ಇದನ್ನು ತಿಳಿದವರಿಂದ ಅರ ಹಾಕಿಸಿ, ಮೂಳೆಯ ಹೊಸ ನಟ್ ಬೇಕಾಗಿಲ್ಲ. ಬ್ರಿಡ್ಜ್ ಬಗ್ಗೆ ನನ್ನ ಕತೆ ಆಗಲೇ ಹೇಳಿದೆ.

ಇದನ್ನೆಲ್ಲ ಬಿಟ್ಟು ಬೇರೆ ಬೇಸ್ ಕೊಂಡರೆ?

ಕೆಲವು ಸಲ ಅದೇ ಸರಿ. ನೆಕ್ ತಿರುಚಿಕೊಂಡಿದ್ದರೆ, ಟ್ರಸ್ ರಾಡ್ ತಿರುಗಿ ತಿರುಗಿ ಕೊನೆ ಮುಟ್ಟಿದ್ದರೆ, ಫ್ರೆಟ್‌ಗಳೇ ಎದ್ದುಬಂದಿದ್ದರೆ ಅದಕ್ಕೆ ಒಂದು ರೂಪಾಯಿಯೂ ಹಾಕಬೇಡಿ. ನೆಕ್ ಚೆನ್ನಾಗಿದ್ದರೆ ಇಟ್ಟುಕೊಳ್ಳಿ. ಮಾರುವಾಗ ಯಾರೂ ನಿಮ್ಮ ಹೊಸ ಪಿಕಪ್‌ಗೆ ಬೆಲೆ ಕಟ್ಟುವುದಿಲ್ಲ, ಆದ್ದರಿಂದ ಬೇಸ್‌ನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ನಾನು ಅಪ್‌ಗ್ರೇಡ್ ನಿಲ್ಲಿಸುತ್ತೇನೆ. ಆಂಪ್, ಹೆಡ್‌ಫೋನ್ ಆ ಲೆಕ್ಕಕ್ಕೆ ಇಲ್ಲ, ಅವು ಮುಂದಿನ ಬೇಸ್‌ಗೂ ಬರುತ್ತವೆ. ಯಮಹಾ, ಐಬನೆಜ್, ಕೋರ್ಟ್, ಸ್ಕ್ವಾಯರ್ ಇವುಗಳ ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ನೆಕ್ಕನ್ನು ಬಂದೂಕಿನ ಹಾಗೆ ಕಣ್ಣಿಗೆ ಹಿಡಿದು ನೋಡಿ, ಎಲ್ಲ ಫ್ರೆಟ್‌ನಲ್ಲೂ ಎಲ್ಲ ತಂತಿ ಬಾರಿಸಿ, ವಾಲ್ಯೂಮ್ ಗುಂಡಿ ತಿರುಗಿಸಿ ಕರಕರ ಅನ್ನುತ್ತದಾ ಕೇಳಿ. ಕರಕರ ಚೌಕಾಸಿಗೆ ಒಳ್ಳೆಯದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೆಚ್ಚಾಗಿ ಹೋಗುತ್ತದೆ.

ಅಕ್ಕನ ಮಗ ಕಳೆದ ಶನಿವಾರ ಬೇಸ್ ಹೊತ್ತುಕೊಂಡು ದೇವಿಮನೆ ಘಟ್ಟ ಇಳಿದು ಬಂದ. ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಬಿಚ್ಚಿದೆವು. ಸಂದು 0.8 ಇತ್ತು, ‘ಇ’ ತಂತಿಯ ಎತ್ತರ ಹತ್ತಿರ ಹತ್ತಿರ ನಾಲ್ಕು. ರಾತ್ರಿ ಕಾಲು ಸುತ್ತು, ಬೆಳಿಗ್ಗೆ ಎದ್ದು ಮತ್ತೆ ಕಾಲು ಸುತ್ತು, ಮಧ್ಯಾಹ್ನ ಹೊಸ ತಂತಿ. ತಂತಿಗೆ 2,050, ಹೆಡ್‌ಫೋನ್ ಆಂಪ್‌ಗೆ 2,200, ತಾಮ್ರದ ಪಟ್ಟಿಗೆ 250. ಉಳಿದ 3,500 ಅವನ ಹತ್ತಿರವೇ ಇದೆ. ಪಿಕಪ್ ಮಾತು ಮತ್ತೆ ಎತ್ತಿಲ್ಲ. ಈಗ ಫ್ರೆಟ್ ಎಲ್ಲ ಕಿತ್ತು ಫ್ರೆಟ್‌ಲೆಸ್ ಮಾಡಿಕೊಳ್ಳಬಹುದಾ ಮಾವ ಅಂತ ಕೇಳುತ್ತಿದ್ದಾನೆ.